ಗ್ರೂಪಿಗೆ ಹಾಕಿದ್ದೇನೆ, ನೋಡಿಲ್ಲವೇ?

(ಕರಾವಳಿಯ ಒಂದು ತಾಲ್ಲೂಕಿನಲ್ಲಿ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಸದಸ್ಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ, ಸಿಟ್ಟಿಗೆ ಹಾಕಿಲ್ಲ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ‘ಶಾಲೆ ಮತ್ತು ಸಾಮಾಜಿಕ ಜಾಲತಾಣ’. ಕರೆಯೋಲೆ ಬಂದದ್ದು ವಾಟ್ಸ್‌ಆ್ಯಪ್‌ನಲ್ಲಿ. ಸಭೆಯ ಜಾಗ ಬದಲಾದ ಸುದ್ದಿ ಬಂದದ್ದೂ ಅದರಲ್ಲೇ, ಆದರೆ ಅದು ನನ್ನ ಕಣ್ಣಿಗೆ ಬಿದ್ದದ್ದು ಹಳೆಯ ಜಾಗಕ್ಕೆ ಹೋಗಿ, ಬೀಗ ಹಾಕಿದ ಬಾಗಿಲಿನ ಮುಂದೆ ಹತ್ತು ನಿಮಿಷ ನಿಂತ ಮೇಲೆ. ಸಂಘಟಕರಿಗೆ ಫೋನ್ ಮಾಡಿದರೆ ಅವರು ಹೇಳಿದ್ದು ಒಂದೇ ಮಾತು: ‘ಗ್ರೂಪಿಗೆ ಹಾಕಿದ್ದೆವಲ್ಲ ಟೀಚರ್, ನೋಡಿಲ್ಲವೇ?’ ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಭಾಷಣಕ್ಕೆ ಪೀಠಿಕೆಯನ್ನು ಅವರೇ ಬರೆದುಕೊಟ್ಟ ಹಾಗಾಯಿತು.

ಮೂವತ್ತೊಂದು ವರ್ಷ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿ, ಕೊನೆಯ ಒಂಬತ್ತು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು ನಾನು. ಈ ‘ನೋಡಿಲ್ಲವೇ’ ಎಂಬ ಪ್ರಶ್ನೆಯನ್ನು ಎಷ್ಟು ತಾಯಂದಿರಿಗೆ ಕೇಳಿದ್ದೇನೋ ಲೆಕ್ಕವಿಲ್ಲ. ಶಾಲೆಯ ಜಗಲಿಯಲ್ಲಿ ನಿಂತು ಆ ಮಾತು ಕೇಳಿದ ತಾಯಿ ತಪ್ಪೆಲ್ಲ ತನ್ನದೇ ಎಂಬಂತೆ ತಲೆ ತಗ್ಗಿಸುತ್ತಾಳೆ. ತಪ್ಪು ನಮ್ಮದು ಎಂದು ತಿಳಿಯಲು ನನಗೆ ಮಳೆಗಾಲದ ಎರಡು ಬೆಳಗುಗಳು ಬೇಕಾದವು.

ನಮ್ಮ ಕಡೆಯ ಮಳೆ ರಜೆ ನಿಮಗೆಲ್ಲ ಗೊತ್ತಿರುವುದೇ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ಸಂಜೆ ಇಡೀ ಜಿಲ್ಲೆ ಜಿಲ್ಲಾಧಿಕಾರಿಯವರ ಒಂದು ಸಾಲಿಗಾಗಿ ಕಾಯುತ್ತದೆ. ಹುಡುಗರು ಅವರ ಪುಟಕ್ಕೇ ಹೋಗಿ ಅರ್ಜಿ ಹಾಕುತ್ತಾರೆ. ಕೆಲವರು ಕಳೆದ ವರ್ಷದ ಆದೇಶವನ್ನು ಹುಡುಕಿ ತೆಗೆದು, ದಿನಾಂಕವನ್ನು ಮಾತ್ರ ತಿದ್ದಿ ಹರಿಯಬಿಡುತ್ತಾರೆ. ಸಹಿ, ಮೊಹರು, ಕಡತದ ಸಂಖ್ಯೆ ಎಲ್ಲವೂ ಅಸಲಿಯೇ ಇರುತ್ತವೆ.

ಒಂದು ಜುಲೈ ಬೆಳಗ್ಗೆ ಆರೂ ನಲವತ್ತಕ್ಕೆ ನಮ್ಮ ಪೋಷಕರ ಗ್ರೂಪಿಗೆ ಅಂಥದೊಂದು ಆದೇಶ ಬಂತು. ನಾನು ಬಸ್ಸಿನಲ್ಲಿದ್ದೆ, ನೋಡಿದಾಗ ಎಂಟೂ ಕಾಲು. ನಮ್ಮ ಸಹಶಿಕ್ಷಕಿ ಏಳು ಗಂಟೆಗೇ ‘ಇದು ಸುಳ್ಳು, ಶಾಲೆ ಇದೆ’ ಎಂದು ಬರೆದಿದ್ದರು. ಆದರೆ ಅದರ ಕೆಳಗೆ ನಲವತ್ತು ಮಂದಿ ‘ಥ್ಯಾಂಕ್ಯೂ ಟೀಚರ್’, ‘ಓಕೆ ಟೀಚರ್’ ಎಂದು ಬರೆದು ಕೈಮುಗಿದಿದ್ದರು. ಅವರು ಥ್ಯಾಂಕ್ಯೂ ಹೇಳಿದ್ದು ರಜೆಗೆ. ಸತ್ಯ ಮೇಲೆಲ್ಲೋ ಹೂತುಹೋಗಿತ್ತು. ಅರ್ಧದಷ್ಟು ಮಕ್ಕಳು ಬರಲಿಲ್ಲ. ಅಡುಗೆಯ ಅಕ್ಕ ಆಗಲೇ ಅಕ್ಕಿ ತೊಳೆದು ಹಾಕಿಯಾಗಿತ್ತು.

ಹದಿನೈದು ದಿನ ಕಳೆದ ಮೇಲೆ ತಿರುಗುಮುರುಗಾಯಿತು. ಈ ಸಲ ರಜೆ ನಿಜವಾದದ್ದು, ಆದೇಶ ಏಳೂ ಇಪ್ಪತ್ತಕ್ಕೆ ಬಂತು, ನಾನು ಒಂದೇ ನಿಮಿಷದಲ್ಲಿ ಗ್ರೂಪಿಗೆ ಹಾಕಿ ಕಾಫಿ ಕುಡಿಯಲು ಕುಳಿತೆ. ಒಂಬತ್ತರ ಹೊತ್ತಿಗೆ ಅಡುಗೆಯ ಅಕ್ಕನ ಫೋನ್ ಬಂತು: ‘ಟೀಚರೇ, ಮೂರನೇ ಕ್ಲಾಸಿನ ಹುಡುಗಿ ಒಬ್ಬಳು ಜಗಲಿಯಲ್ಲಿ ಕೂತಿದ್ದಾಳೆ, ಪೂರಾ ಒದ್ದೆ.’ ಆ ಮಗುವಿನ ಮನೆ ತೋಟದ ಆಚೆ. ಅಲ್ಲಿ ನೆಟ್‌ವರ್ಕ್ ಸಿಗುವುದು ಗೇರು ಮರದ ಬುಡದಲ್ಲಿ ನಿಂತರೆ ಮಾತ್ರ. ಏಳಕ್ಕೇ ಹೊರಟು, ತುಂಬಿದ ತೋಡಿನ ಮೇಲಿನ ಕಾಲುಸಂಕ ದಾಟಿ ಬಂದಿದ್ದಳು.

ಕಾಲುಸಂಕ ಎಂದರೇನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಅಡಿಕೆ ಮರ, ಹಿಡಿಯಲು ಒಂದು ಹಗ್ಗ ಇದ್ದರೆ ಇತ್ತು. 2022ರ ಆಗಸ್ಟ್‌ನಲ್ಲಿ ಬೈಂದೂರು ಕಡೆ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೇ ತರಗತಿಯ ಮಗು ಕಾಲುಸಂಕದಿಂದ ಜಾರಿ ಹೊಳೆಯ ಪಾಲಾದದ್ದು ನಮ್ಮ ಯಾರ ಮನಸ್ಸಿನಿಂದಲೂ ಹೋಗಿಲ್ಲ. ಅಂದು ಜಗಲಿಯಲ್ಲಿ ಕುಳಿತಿದ್ದ ಹುಡುಗಿಯ ಕೂದಲನ್ನು ಅಡುಗೆಯ ಅಕ್ಕ ಸೆರಗಿನಲ್ಲಿ ಒರೆಸಿ, ಅನ್ನ ಬಡಿಸಿ, ತಾನೇ ಮನೆಗೆ ಬಿಟ್ಟು ಬಂದಳು. ನಾನು ಸಂದೇಶ ಕಳುಹಿಸಿದ್ದೆ, ನಿಜ. ಅದು ತಲುಪಬೇಕಾದ ಒಂದೇ ಒಂದು ಮನೆಗೆ ತಲುಪಿರಲಿಲ್ಲ.

ಆಮೇಲೆ ಮಾಡಿದ್ದು ತೀರಾ ಹಳೆಯ ಕಾಲದ ಕೆಲಸ. ಮಕ್ಕಳ ಮನೆಗಳ ಪಟ್ಟಿ ಹಿಡಿದು ಕುಳಿತು, ಯಾವ ಮನೆಗೆ ಫೋನ್ ಸಿಗುತ್ತದೆ, ಯಾವ ಮನೆಗೆ ಸಿಗುವುದಿಲ್ಲ ಎಂದು ಗುರುತು ಮಾಡಿದೆವು. ಸಿಗದ ಮನೆಗಳು ಹನ್ನೊಂದು. ಅವುಗಳಲ್ಲಿ ಎಂಟು ಮನೆಯವರು ಬೆಳಗ್ಗೆ ಆರಕ್ಕೆ ಹಾಲಿನ ಸೊಸೈಟಿಗೆ ಬರುತ್ತಾರೆ. ಸೊಸೈಟಿಯ ಕಾರ್ಯದರ್ಶಿಯ ನಂಬರ್ ತೆಗೆದುಕೊಂಡೆವು. ಉಳಿದ ಮೂರಕ್ಕೆ ಅಂಗನವಾಡಿಯ ಟೀಚರ್ ಒಪ್ಪಿಕೊಂಡರು. ಆದೇಶ ಏಳರ ನಂತರ ಬಂದರೆ ಶಾಲೆಯ ಹತ್ತಿರವೇ ಮನೆಯಿರುವ ಅಡುಗೆಯ ಅಕ್ಕ ಬಾಗಿಲು ತೆರೆದು ಕೂರುವುದು, ಬಂದ ಮಗುವನ್ನು ಒಂಟಿಯಾಗಿ ಹಿಂದಕ್ಕೆ ಕಳುಹಿಸದಿರುವುದು ಎಂದು ತೀರ್ಮಾನವಾಯಿತು. ಇದು ಯಾವ ಜಾಲತಾಣದ ತಂತ್ರವೂ ಅಲ್ಲ ಎನ್ನುತ್ತೀರಿ. ನನ್ನ ಪ್ರಕಾರ ಜಾಲತಾಣ ಎಲ್ಲಿಗೆ ಮುಗಿಯುತ್ತದೆ ಎಂದು ಗೊತ್ತಿರುವುದೇ ಅದನ್ನು ಬಳಸಲು ಮೊದಲು ಬೇಕಾದ ತಿಳಿವಳಿಕೆ.

ಒಂದು ಚಿಕ್ಕ ಉಪಯೋಗದ ಮಾತು. ಗ್ರೂಪಿನಲ್ಲಿ ನೀವು ಹಾಕಿದ ಸಂದೇಶವನ್ನು ಒತ್ತಿ ಹಿಡಿದರೆ ‘ಇನ್ಫೊ’ ಎಂದು ಬರುತ್ತದೆ. ಯಾರು ಓದಿದ್ದಾರೆ, ಯಾರಿಗೆ ತಲುಪಿದೆಯಷ್ಟೇ ಎಂಬ ಎರಡು ಪಟ್ಟಿ ಅದರಲ್ಲಿವೆ. ಇದನ್ನು ನನಗೆ ತೋರಿಸಿಕೊಟ್ಟದ್ದು ಬೋಧನಾಭ್ಯಾಸಕ್ಕೆ ಬಂದಿದ್ದ ಬಿ.ಇಡಿ. ಹುಡುಗಿ. ವರ್ಷಗಟ್ಟಲೆ ಗ್ರೂಪ್ ನಡೆಸಿದ ಮೇಲೆ! ಎರಡೂ ಪಟ್ಟಿಯಲ್ಲಿ ಇಲ್ಲದ ಹೆಸರುಗಳಿಗೆ ಫೋನ್ ಮಾಡಬೇಕು, ಅಷ್ಟೇ.

ಈ ಗ್ರೂಪುಗಳು ಹುಟ್ಟಿದ ಹೊತ್ತನ್ನು ನೆನಪಿಸಿಕೊಳ್ಳಿ. ಬಹಳಷ್ಟು ಶಾಲೆಗಳಲ್ಲಿ ಅವು ಶುರುವಾದದ್ದು 2020ರಲ್ಲಿ. ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಚಂದನದಲ್ಲಿ ಸಂವೇದ ಪಾಠಗಳು ಬಂದವು, ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಗಿ ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಪಾಠ ಮಾಡಿದೆವು, ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆ ಗಡಿಬಿಡಿಯಲ್ಲಿ, ಕೈಗೆ ಸಿಕ್ಕಿದ ನಂಬರುಗಳನ್ನೆಲ್ಲ ಸೇರಿಸಿ ಗ್ರೂಪ್ ಮಾಡಿದವರು ನಾವು. ಅಪ್ಪನ ನಂಬರ್, ಚಿಕ್ಕಪ್ಪನ ನಂಬರ್, ಪಕ್ಕದ ಮನೆಯವರ ನಂಬರ್. ಆ ತುರ್ತು ಮುಗಿದು ಎಷ್ಟೋ ಕಾಲವಾಯಿತು, ನಂಬರುಗಳು ಹಾಗೆಯೇ ಇವೆ. ಏಳನೇ ತರಗತಿ ಮುಗಿಸಿ ಹೋದ ಹುಡುಗನ ಚಿಕ್ಕಪ್ಪ ಇನ್ನೂ ನಮ್ಮ ಗ್ರೂಪಿನಲ್ಲಿದ್ದು ಪ್ರತಿದಿನ ಶುಭೋದಯ ಹೇಳುತ್ತಿದ್ದರು. ನಿಮ್ಮ ಗ್ರೂಪನ್ನೂ ಒಮ್ಮೆ ಗುಡಿಸಿ ನೋಡಿ.

ಫೋನ್ ಮನೆಗೆ ಒಂದೇ ಎಂಬುದನ್ನೂ ಮರೆಯುತ್ತೇವೆ. ಅದು ಅಪ್ಪನ ಕಿಸೆಯಲ್ಲಿ ಬೋಟಿಗೆ ಹೋಗುತ್ತದೆ, ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತದೆ. ಮರುದಿನಕ್ಕೆ ಬಣ್ಣದ ಕಾಗದ, ಅಂಟು ತರಬೇಕೆಂದು ಸಂಜೆ ಐದಕ್ಕೆ ಹಾಕಿದ ಸಂದೇಶವನ್ನು ತಾಯಿ ನೋಡುವುದು ರಾತ್ರಿ ಒಂಬತ್ತಕ್ಕೆ, ಅಂಗಡಿ ಮುಚ್ಚಿದ ಮೇಲೆ. ಬೆಳಗ್ಗೆ ಬೈಸಿಕೊಳ್ಳುವುದು ಮಗು.

ಇನ್ನು ಫೋಟೋಗಳ ವಿಚಾರ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಸಹಿಸಿಕೊಳ್ಳಿ.

ನಮ್ಮ ಶಾಲೆಗಳು ದಿನವಿಡೀ ಫೋಟೋ ತೆಗೆಯುತ್ತವಲ್ಲ, ಅವು ಯಾರಿಗಾಗಿ? ಬಿಸಿಯೂಟದ ರುಚಿ ನೋಡಿದ ಫೋಟೋ, ಹಾಲು ಕುಡಿಸಿದ ಫೋಟೋ, ಕೈ ತೊಳೆಸಿದ ಫೋಟೋ, ಜಯಂತಿಯ ಫೋಟೋ. ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ, ದಿನಾಂಕ, ಗಂಟೆ ಮೂಡಿರಬೇಕು. ಅದು ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯವರ ಗ್ರೂಪಿಗೆ ಹೋಗುತ್ತದೆ, ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯ ಗ್ರೂಪಿಗೆ, ಅಲ್ಲಿಂದ ಮೇಲಕ್ಕೆ. ಕೆಲಸ ಮಾಡಿದ್ದಕ್ಕಿಂತ ಮಾಡಿದ್ದಕ್ಕೆ ಸಾಕ್ಷಿ ಒದಗಿಸುವುದೇ ದೊಡ್ಡ ಕೆಲಸವಾಗಿದೆ. ನಮ್ಮ ಶಾಲೆಯಲ್ಲಿ ಪರಿಸರ ದಿನಕ್ಕೆ ಗಿಡ ನೆಟ್ಟ ಒಂದು ಫೋಟೋ ಇತ್ತು. ಗಿಡ ಒಂದು, ಅದನ್ನು ಹಿಡಿದ ಕೈಗಳು ಹನ್ನೊಂದು. ದಸರಾ ರಜೆಯೊಳಗೆ ಆ ಗಿಡ ಆಡಿನ ಬಾಯಿಗೆ ಹೋಯಿತು, ಅದರ ಫೋಟೋವನ್ನು ಯಾರೂ ಕೇಳಲಿಲ್ಲ.

ಮೇಲಿನವರು ಕೇಳುವುದನ್ನು ನಾವು ತಪ್ಪಿಸಲಾರೆವು, ಒಪ್ಪುತ್ತೇನೆ. ಆದರೆ ಅದೇ ಅಭ್ಯಾಸ ಕೈಗೆ ಹತ್ತಿ, ಮೇಲಕ್ಕೆ ಕಳುಹಿಸಿದ್ದನ್ನೇ ಪೋಷಕರ ಗ್ರೂಪಿಗೂ ಸುರಿಯುತ್ತೇವೆ. ಪ್ರತಿಭಾ ಕಾರಂಜಿಯ ಇಪ್ಪತ್ಮೂರು ಫೋಟೋಗಳ ನಡುವೆ ‘ವಿದ್ಯಾರ್ಥಿವೇತನದ ಅರ್ಜಿಗೆ ಸೋಮವಾರ ಕೊನೆಯ ದಿನ, ಜಾತಿ ಮತ್ತು ಆದಾಯ ಪ್ರಮಾಣಪತ್ರ ತನ್ನಿ’ ಎಂಬ ಒಂದು ಸಾಲನ್ನು ನಾನೇ ಹಾಕಿದ್ದೆ. ಮಂಗಳವಾರ ಪ್ರಮಾಣಪತ್ರ ಹಿಡಿದು ಬಂದ ತಾಯಿಗೆ ನಾನು ಹೇಳಿದ ಮಾತು ಈ ಭಾಷಣದ ತಲೆಬರಹ.

ಇನ್ನೊಂದು ಫೋಟೋದ ಕಥೆ ಹೇಳಲು ನಾಚಿಕೆಯಾಗುತ್ತದೆ. ದಾನಿಯೊಬ್ಬರು ಮಕ್ಕಳಿಗೆ ಚೀಲ ಕೊಡಲು ಬಂದಿದ್ದರು. ಸಾಲಾಗಿ ನಿಂತ ಎಂಟು ಮಂದಿ ದೊಡ್ಡವರು, ನಡುವೆ ಚೀಲಕ್ಕೆ ಕೈ ಚಾಚಿದ ಐದನೇ ತರಗತಿಯ ಒಬ್ಬಳು ಹುಡುಗಿ. ಹೆಸರು ಹಾಕಿ, ‘ತಂದೆಯನ್ನು ಕಳೆದುಕೊಂಡ ಬಡ ವಿದ್ಯಾರ್ಥಿನಿಗೆ ನೆರವು’ ಎಂದು ಬರೆದು ಶಾಲೆಯ ಫೇಸ್‌ಬುಕ್ ಪುಟಕ್ಕೆ ಹಾಕಿದವಳು ನಾನೇ. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದೆ. ಮೂರು ವರ್ಷ ಕಳೆದು ಅವಳು ಹೈಸ್ಕೂಲಿನಲ್ಲಿದ್ದಾಗ, ಯಾರೋ ಆ ಫೋಟೋ ಹುಡುಕಿ ತೆಗೆದು ತರಗತಿಯ ಹುಡುಗರಿಗೆಲ್ಲ ಕಳುಹಿಸಿದರು. ಅವಳು ನನ್ನ ಮನೆಗೆ ಬಂದು ಕೇಳಿದ್ದು ಇಷ್ಟೇ: ‘ಅದನ್ನು ತೆಗೆಯಬಹುದಾ ಟೀಚರ್?’ ತೆಗೆದೆ. ನಮ್ಮ ಪುಟದಿಂದ ತೆಗೆದೆ. ಹಂಚಿಕೊಂಡವರ ಫೋನುಗಳಿಂದ ತೆಗೆಯಲು ನನ್ನಿಂದಾಗಲಿಲ್ಲ.

ಈಗ ಇದಕ್ಕೆ ಕಾನೂನೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿಯನ್ನು ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು, ಅದು ಅವರದೇ ಎಂದು ಖಚಿತಪಡಿಸಿಕೊಳ್ಳಬಹುದಾದ ಒಪ್ಪಿಗೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಜಾರಿಗೆ ಬರುವುದು ಹಂತ ಹಂತವಾಗಿ. ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡದ ಮಿತಿ 200 ಕೋಟಿ ರೂಪಾಯಿಯವರೆಗೆ ಇದೆ. ಇದನ್ನು ಕೇಳಿ ನಮ್ಮ ಬಿಸಿಯೂಟದ ಲೆಕ್ಕದ ಪುಸ್ತಕ ಬೆವರಬೇಕಾಗಿಲ್ಲ, ಅಷ್ಟು ದೊಡ್ಡ ಮೊತ್ತ ದೊಡ್ಡ ಕಂಪನಿಗಳನ್ನು ಕಣ್ಣಮುಂದಿಟ್ಟು ಬರೆದದ್ದು. ಆದರೆ ಒಪ್ಪಿಗೆ ಕೇಳಬೇಕು ಎಂಬ ಮಾತು ನಮಗೂ ಸೇರಿದ್ದೇ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಕಲಮನ್ನು ಎಲ್ಲ ಶಿಕ್ಷಕರೂ ಒಮ್ಮೆ ಓದಬೇಕು. ದೌರ್ಜನ್ಯಕ್ಕೊಳಗಾದ ಮಗುವಿನ ಹೆಸರು, ಫೋಟೋ, ವಿಳಾಸ ಮಾತ್ರವಲ್ಲ, ಆ ಮಗುವಿನ ಶಾಲೆಯ ಹೆಸರನ್ನೂ ಮಾಧ್ಯಮದಲ್ಲಿ ಬಯಲು ಮಾಡುವಂತಿಲ್ಲ ಎನ್ನುತ್ತದೆ ಅದು. ‘ನಮ್ಮ ಶಾಲೆಯ ಮೇಲೆ ಬಂದ ಆರೋಪಕ್ಕೆ ಸ್ಪಷ್ಟನೆ’ ಎಂದು ಹುಮ್ಮಸ್ಸಿನಲ್ಲಿ ಪುಟಕ್ಕೆ ಬರೆಯಲು ಹೊರಟವರ ಕೈ ಹಿಡಿಯಬೇಕಾದದ್ದು ಇಲ್ಲಿ.

ಆ ಹುಡುಗಿ ಬಂದು ಹೋದ ಮೇಲೆ ನಮ್ಮ ಶಾಲೆಯಲ್ಲಿ ಬೆನ್ನ ಹಿಂದಿನಿಂದ ಫೋಟೋ ತೆಗೆಯುವ ರೂಢಿ ಬಂತು. ಮಕ್ಕಳು ಬರೆಯುತ್ತಿರುವ ಕೈ, ಮಣ್ಣಿನಲ್ಲಿ ಮಾಡಿದ ಬಾವಿ, ಬೋರ್ಡಿನ ಮೇಲಿನ ಲೆಕ್ಕ, ತೊಳೆದು ಸಾಲಾಗಿ ಬೋರಲು ಹಾಕಿದ ತಟ್ಟೆಗಳು. ದಾನಿಗಳಲ್ಲಿ ಒಬ್ಬರಿಗೆ ಬೇಸರವಾಯಿತು. ಉಳಿದವರಿಗೆ ಅದೇ ಹಿಡಿಸಿತು.

ಖಾಸಗಿ ಶಾಲೆಗಳ ರೀಲ್ಸ್ ಬಗ್ಗೆಯೂ ಮಾತನಾಡಿ ಎಂದು ಚೀಟಿ ಬಂದಿದೆ. ಅದು ಜಾಹೀರಾತು. ಏಪ್ರಿಲ್, ಮೇ ತಿಂಗಳಿನಲ್ಲಿ ಜವಳಿ ಅಂಗಡಿಯೂ ಮಾಡುತ್ತದೆ, ಶಾಲೆಯೂ ಮಾಡುತ್ತದೆ. 625ಕ್ಕೆ 620 ತೆಗೆದ ಮಗುವಿನ ಮುಖ ಫ್ಲೆಕ್ಸ್‌ನಿಂದ ಫೋನಿಗೆ ಇಳಿದಿದೆ, ಅಷ್ಟೇ ವ್ಯತ್ಯಾಸ. ದಾಖಲಾತಿ ಆಂದೋಲನದಲ್ಲಿ ನಾವೂ ಇಳಿಯಬೇಕೇ ಎಂದರೆ, ಇಳಿಯಿರಿ. ಸರ್ಕಾರಿ ಶಾಲೆಯಲ್ಲಿ ಏನಿದೆ ಎಂದು ಊರಿಗೆ ಗೊತ್ತಿಲ್ಲ. ಎಲ್‌ಕೆಜಿ ಇದೆ ಎಂಬುದೇ ಗೊತ್ತಿಲ್ಲದ ಮನೆಗಳನ್ನು ನಾನು ನೋಡಿದ್ದೇನೆ. ಆದರೆ ಶಿಕ್ಷಕಿಯರು ಕುಣಿಯುವ ರೀಲ್ಸ್ ನೋಡಿ ಮಗುವನ್ನು ಸೇರಿಸಿದ ಪೋಷಕರು ನನಗೆ ಇನ್ನೂ ಸಿಕ್ಕಿಲ್ಲ.

ಫೇಸ್‌ಬುಕ್ ಪುಟ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಬೇರೆ ಕಡೆ. ನಮ್ಮೂರಿನ ಅರ್ಧ ಜನ ಮುಂಬೈಯಲ್ಲಿ, ಕೊಲ್ಲಿಯಲ್ಲಿ ಇದ್ದಾರೆ. ಶಾಲೆಯ ಹಳೆಯ ಬಾವಿಕಟ್ಟೆಯ ಫೋಟೋ ಹಾಕಿದ ರಾತ್ರಿ ದುಬೈಯಿಂದ, ಡೊಂಬಿವಲಿಯಿಂದ ಜನ ಬರೆದರು. ‘ಆ ಕಟ್ಟೆಯ ಮೇಲೆ ನಿಂತದ್ದಕ್ಕೆ ಪೆಟ್ಟು ತಿಂದಿದ್ದೇನೆ’ ಎಂದವರೊಬ್ಬರು ಶೌಚಾಲಯಕ್ಕೆ ಹೆಂಚು ಹೊದೆಸಿಕೊಟ್ಟರು. ಹಣದ ಲೆಕ್ಕವನ್ನು ರಸೀದಿಯ ಸಮೇತ ಅದೇ ಪುಟದಲ್ಲಿ ಹಾಕಿದೆವು. ಹಾಕದೇ ಹೋಗಿದ್ದರೆ ಎರಡನೆಯ ಕಂತು ಬರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಹಾಗೆಂದು ಪುಟ ಇಲ್ಲದಿದ್ದರೆ ಶಾಲೆಗೆ ಹೆಸರೇ ಬರುವುದಿಲ್ಲ ಎಂದುಕೊಳ್ಳಬೇಡಿ. ಕಿತ್ತಳೆ ಮಾರಿ ಉಳಿಸಿದ ಹಣದಿಂದ ಹರೇಕಳ ಹಾಜಬ್ಬನವರು ತಮ್ಮೂರು ನ್ಯೂಪಡ್ಪುವಿಗೆ ಶಾಲೆ ತಂದರು. ಅವರನ್ನು ಮೊದಲು ನಾಡಿಗೆ ಪರಿಚಯಿಸಿದ್ದು ಪತ್ರಿಕೆಗಳು. 2021ರ ನವೆಂಬರ್‌ನಲ್ಲಿ ಬರಿಗಾಲಿನಲ್ಲಿ ಪದ್ಮಶ್ರೀ ಪಡೆದ ಅವರ ಫೋಟೋ ಎಲ್ಲರ ಫೋನಿಗೂ ಬಂದದ್ದು ಆಮೇಲೆ.

ಸುಳ್ಳು ಸುದ್ದಿಯ ಬಗ್ಗೆ ಎರಡು ಮಾತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ದಾರಿಯಲ್ಲಿ ಸಿಕ್ಕ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೊರಗಿನ ಯುವಕರನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿಸಿ, ಮುರ್ಕಿ ಎಂಬಲ್ಲಿ ಜನ ಅಡ್ಡಗಟ್ಟಿ ಹೊಡೆದರು. ಹೈದರಾಬಾದ್‌ನ ಒಬ್ಬ ಎಂಜಿನಿಯರ್ ಸತ್ತರು. ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳುಹಿಸಬಹುದು ಎಂಬ ಮಿತಿ ನಮ್ಮ ದೇಶದ ವಾಟ್ಸ್‌ಆ್ಯಪ್‌ಗೆ ಬಂದದ್ದು ಅದೇ ತಿಂಗಳು, ಇಂಥ ಸಾವುಗಳ ಸಾಲು ನೋಡಿದ ಮೇಲೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು, ಹುಸಿಯೆಂದು ಪೊಲೀಸರು ಹೇಳುವ ಹೊತ್ತಿಗೆ ಗೇಟಿನ ಮುಂದೆ ತಂದೆತಾಯಿಗಳು ಜಮಾಯಿಸಿದ್ದರು. ಅಂಥ ಹೊತ್ತಿನಲ್ಲಿ ಶಾಲೆ ಕಾಲು ಗಂಟೆ ಸುಮ್ಮನಿದ್ದರೆ ಆ ಕಾಲು ಗಂಟೆಯನ್ನು ಬೇರೆಯವರು ತುಂಬುತ್ತಾರೆ. ‘ಮಕ್ಕಳು ಮೈದಾನದಲ್ಲಿದ್ದಾರೆ, ಎಲ್ಲರ ಲೆಕ್ಕ ಸಿಕ್ಕಿದೆ, ಹತ್ತು ನಿಮಿಷಕ್ಕೆ ಮತ್ತೆ ತಿಳಿಸುತ್ತೇವೆ’ ಎಂದು ಗೊತ್ತಿರುವಷ್ಟನ್ನು ಹೇಳಬೇಕು. ಹತ್ತು ನಿಮಿಷಕ್ಕೆ ಹೊಸತೇನೂ ಇಲ್ಲದಿದ್ದರೆ, ಹೊಸತೇನೂ ಇಲ್ಲ ಎಂದೇ ತಿಳಿಸಬೇಕು.

ಕೊನೆಯದಾಗಿ ಭಾಷೆ. ನಮ್ಮ ಸಂದೇಶಗಳು ಸುತ್ತೋಲೆಯ ಕನ್ನಡದಲ್ಲಿರುತ್ತವೆ. ‘ಈ ಮೂಲಕ ಸಮಸ್ತ ಪೋಷಕರ ಗಮನಕ್ಕೆ ತರುವುದೇನೆಂದರೆ’ ಎಂದು ಶುರುವಾಗಿ, ವಿಷಯಕ್ಕೆ ಬರುವಷ್ಟರಲ್ಲಿ ಪರದೆ ತುಂಬಿ ‘ಇನ್ನಷ್ಟು ಓದಿ’ ಎಂದು ಬಂದಿರುತ್ತದೆ. ನಮ್ಮ ಶಾಲೆಯ ಮೂರನೇ ಒಂದರಷ್ಟು ಮಕ್ಕಳು ಗದಗ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಕೂಲಿಗೆ ಬಂದವರ ಮಕ್ಕಳು. ಉಳಿದವರ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಓದಲು ಬಾರದ ತಾಯಂದಿರು ಎಷ್ಟೋ ಮಂದಿ. ಒಮ್ಮೆ ಲಸಿಕೆಯ ದಿನದ ವಿಷಯವನ್ನು ಬರೆಯಲು ಹೊತ್ತಿಲ್ಲದೆ, ಧಾರವಾಡ ಕಡೆಯ ನಮ್ಮ ಸಹಶಿಕ್ಷಕಿಯೊಬ್ಬರು ಮಾತಿನಲ್ಲೇ ಮುದ್ರಿಸಿ ಕಳುಹಿಸಿದರು. ಮರುದಿನ ಕಟ್ಟಡದ ಕೆಲಸದ ತಾಯಿಯೊಬ್ಬಳು ಗೇಟಿನಲ್ಲಿ ಅವರ ಕೈ ಹಿಡಿದು, ‘ಅಕ್ಕೋರೆ, ನಿಮ್ಮ ದನಿ ಕೇಳಿದೆ’ ಎಂದಳು. ಅವಳು ಎರಡು ವರ್ಷದಿಂದ ಗ್ರೂಪಿನಲ್ಲಿದ್ದಳು. ಆ ಎರಡು ವರ್ಷದ ಬರಹವೆಲ್ಲ ಅವಳ ಪಾಲಿಗೆ ಗೀಚು. ಅಂದಿನಿಂದ ಮುಖ್ಯವಾದ ಪ್ರತಿಯೊಂದು ಸಂದೇಶದ ಜೊತೆ ಅರ್ಧ ನಿಮಿಷದ ದನಿ ಹೋಗುತ್ತಿತ್ತು, ಒಂದು ತುಳುವಿನಲ್ಲಿ, ಒಂದು ಕನ್ನಡದಲ್ಲಿ.

ಪ್ರಶ್ನೆಗಳ ಹೊತ್ತಿನಲ್ಲಿ ರಿಕ್ಷಾ ಓಡಿಸುವ ಎಸ್‌ಡಿಎಂಸಿ ಅಧ್ಯಕ್ಷರೊಬ್ಬರು ಎದ್ದು ನಿಂತರು. ‘ನಮ್ಮ ಶಾಲೆಯ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು ಟೀಚರ್. ನಮಗೆ ಏನಾದರೂ ಕೇಳಬೇಕಿದ್ದರೆ?’ ಸಭೆಯಲ್ಲಿ ನಗು ಎದ್ದಿತು, ಶಿಕ್ಷಕರ ಕಡೆಯಿಂದ ಸ್ವಲ್ಪ ಕಡಿಮೆ. ಶುಭೋದಯಗಳ ಕಾಟಕ್ಕೆ ನಾವೂ ಹಾಗೆ ಬಾಯಿ ಮುಚ್ಚಿಸಿದವರೇ. ಆಮೇಲೆ ಶನಿವಾರ ಹನ್ನೊಂದರಿಂದ ಹನ್ನೆರಡರವರೆಗೆ ಗ್ರೂಪ್ ತೆರೆದಿಡಲು ಶುರು ಮಾಡಿದೆವು. ಮೊದಲ ಶನಿವಾರ ಬಂದ ಮೊದಲ ಪ್ರಶ್ನೆ, ‘ಹುಡುಗಿಯರ ಶೌಚಾಲಯದ ಚಿಲಕ ಯಾವಾಗ ಸರಿಯಾಗುತ್ತದೆ?’ ಆ ಚಿಲಕ ಮುರಿದದ್ದು ನನಗೆ ಗೊತ್ತೇ ಇರಲಿಲ್ಲ.

ಹೊಸದಾಗಿ ಸೇರಿದ ಶಿಕ್ಷಕರೊಬ್ಬರು ಕೇಳಿದರು: ‘ದಿನಕ್ಕೆ ಒಂದೇ ಸಂದೇಶ ಕಳುಹಿಸಬಹುದು ಎಂದಿದ್ದರೆ ಯಾವುದನ್ನು ಕಳುಹಿಸುತ್ತಿದ್ದಿರಿ?’

ಯೋಚಿಸಬೇಕಾಗಿ ಬರಲಿಲ್ಲ. ಹಾಜರಿ ಮುಗಿದ ಕೂಡಲೇ, ಬಾರದ ಮಕ್ಕಳ ಮನೆಗೆ, ‘ನಿಮ್ಮ ಮಗು ಇವತ್ತು ಶಾಲೆಗೆ ಬಂದಿಲ್ಲ’ ಎಂಬ ಒಂದು ಕರೆ. ನಮ್ಮ ಶಾಲೆಯಲ್ಲಿ ಇದನ್ನು ಹತ್ತೂ ಕಾಲರೊಳಗೆ ಮಾಡುತ್ತಿದ್ದೆವು. ಹೆಚ್ಚಿನ ದಿನ ಉತ್ತರ ಜ್ವರ, ಮದುವೆ, ಅಜ್ಜಿಮನೆ. ಒಂದು ದಿನ ಏಳನೇ ತರಗತಿಯ ಹುಡುಗನ ತಾಯಿ ಫೋನಿನಲ್ಲಿ ಒಂದು ಕ್ಷಣ ಮಾತೇ ಆಡಲಿಲ್ಲ. ಬೆಳಗ್ಗೆ ಚೀಲ ಹೆಗಲಿಗೆ ಹಾಕಿ ಕಳುಹಿಸಿದವಳು ಅವಳೇ. ಮೀನು ಮಾರ್ಕೆಟಿನಲ್ಲಿದ್ದ ಅವಳ ತಮ್ಮ ಬೈಕ್ ಹತ್ತಿ ಹುಡುಕಿ ಹೊರಟ. ಹುಡುಗ ಅಳಿವೆಯ ಹತ್ತಿರ, ಮಗುಚಿಟ್ಟ ದೋಣಿಯ ನೆರಳಿನಲ್ಲಿ ಒಬ್ಬನೇ ಕುಳಿತಿದ್ದನಂತೆ. ಗಣಿತದ ಕಿರುಪರೀಕ್ಷೆಗೆ ಹೆದರಿದ್ದ. ಹನ್ನೊಂದೂವರೆಗೆ ಮಾವ ಅವನನ್ನು ತಂದು ಕೂರಿಸಿ ಹೋದರು. ಕಾಲಿನಲ್ಲಿ ಮರಳು ಹಾಗೆಯೇ ಇತ್ತು. ಗ್ರೂಪಿಗೆ ನಾವು ಏನನ್ನೂ ಹಾಕಲಿಲ್ಲ.